ಸ್ಕಾರ್ಬರೋ ಫೇರ್: ಒಂದೇ ಜನಪದ ಪ್ರೇಮಗೀತೆಯ ಹತ್ತಾರು ಕವರ್‌ಗಳನ್ನ ಹೋಲಿಸಿ ಕೇಳೋದು ಹೇಗೆ

ಸೈಮನ್ ಅಂಡ್ ಗಾರ್ಫಂಕಲ್ ಅನ್ನೋ ಅಮೆರಿಕದ ಗಾಯಕ ಜೋಡಿ ಹಾಡಿರೋ 'ಸ್ಕಾರ್ಬರೋ ಫೇರ್' ಗಿಟಾರ್ ಕಲಿಯೋಕೆ ಹೊರಟವರಿಗೆಲ್ಲ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತೆ. ಆಮೇಲೆ ಯೂಟ್ಯೂಬಲ್ಲಿ ಆ ಹೆಸರು ಹಾಕಿದ್ರೆ ಒಪೆರಾ ದನಿಯದ್ದು, ಮೆಟಲ್ ಬ್ಯಾಂಡಿಂದು, ಜಾಝ್ ಗಿಟಾರಿಂದು, ಬ್ರೆಜಿಲ್ ತಾಳದ್ದು, ಯಾರೋ ಮನೇಲಿ ಕೂತು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದು ಎಲ್ಲಾ ಸಾಲಾಗಿ ಬರುತ್ತೆ, ನಾವು ನಾಲ್ಕು ಕೇಳಿ ಇವ್ರ ವಾಯ್ಸ್ ಚೆನ್ನಾಗಿದೆ, ಅವ್ರದ್ದು ಓವರ್ ಆಯ್ತು, ಒರಿಜಿನಲ್ಲೇ ಬೆಸ್ಟ್ ಅಂತ ಹೇಳಿ ಮುಗಿಸ್ತೀವಿ. ಆದ್ರೆ ಜನಪದ ಹಾಡಲ್ಲಿ ಒರಿಜಿನಲ್ ಅಂತ ಯಾವ್ದನ್ನ ಹಿಡ್ಕೊಳ್ಳೋದು? ನಾವು ಒರಿಜಿನಲ್ ಅಂತಿರೋ ಆ 1966ರ ರೆಕಾರ್ಡೇ ಒಂದು ಕವರ್, ಅಂದ್ರೆ ಮುಂಚೆನೇ ಇದ್ದ ಹಾಡನ್ನ ಮತ್ತೆ ಹಾಡಿದ್ದು. ಹಾಗಾಗಿ ಹೋಲಿಸೋಕೆ ಬೇರೆ ದಾರಿ ಬೇಕು, ನಾನು ಇಷ್ಟಪಡೋ ದಾರಿ ಏನಂದ್ರೆ, ಪ್ರತಿ ವರ್ಷನ್ನಲ್ಲೂ ಯಾರ ಮಾತು ಉಳೀತು, ಯಾರ ಮಾತು ಬಿಟ್ಟೋಯ್ತು ಅಂತ ಮೊದಲು ನೋಡೋದು. ರಾಗ, ತಾಳ, ವಾದ್ಯ ಎಲ್ಲಾ ಆಮೇಲೆ.

ಅದಕ್ಕೆ ಹಾಡು ಹಾಕೋ ಮುಂಚೆ ಕಥೆ ಗೊತ್ತಿರ್ಬೇಕು. ಇಂಗ್ಲೆಂಡಿನ ಯಾರ್ಕ್‌ಶೈರ್ ಕಡಲತೀರದಲ್ಲಿ ಸ್ಕಾರ್ಬರೋ ಅಂತ ಊರು. 1253ರಲ್ಲಿ ಮೂರನೇ ಹೆನ್ರಿ ರಾಜ ಅಲ್ಲಿ ಜಾತ್ರೆ ನಡೆಸೋಕೆ ಸನ್ನದು ಕೊಟ್ಟ, ಆಗಸ್ಟ್ ಮಧ್ಯದಿಂದ ಶುರುವಾಗಿ 45 ದಿನ ನಡೀತಿದ್ದ ವ್ಯಾಪಾರದ ಜಾತ್ರೆ ಅದು. ಹಾಡಲ್ಲಿ ಒಬ್ಬ ಆ ಜಾತ್ರೆಗೆ ಹೊರಟವನನ್ನ ತಡೆದು ಹೇಳ್ತಾನೆ, ಅಲ್ಲಿ ಒಬ್ಳಿದಾಳೆ, ಒಂದು ಕಾಲಕ್ಕೆ ನನ್ನ ಪ್ರೀತಿಯವಳು, ನಾನು ಕೇಳ್ದೆ ಅಂತ ಹೇಳು. ಅಷ್ಟು ಹೇಳಿ ಸುಮ್ನಾಗಲ್ಲ. ಹೊಲಿಗೆನೇ ಇಲ್ದೆ ಒಂದು ಅಂಗಿ ಮಾಡ್ಕೊಡ್ಲಿ, ಅದನ್ನ ನೀರೇ ಇಲ್ದಿರೋ ಬಾವೀಲಿ ಒಗೀಲಿ, ಹಂಗಾದ್ರೆ ಅವ್ಳು ನನ್ನವಳು ಅಂತಾನೆ. ಹಳೇ ಪಾಠಗಳಲ್ಲಿ, ಅಂದ್ರೆ ಹಾಡಿನ ಹಳೇ ರೂಪಗಳಲ್ಲಿ, ಇದಕ್ಕೆ ಆ ಹುಡುಗಿ ಕಡೆಯಿಂದ ಉತ್ತರ ಬರುತ್ತೆ, ಈ ಹಾಡಿನ ಜೀವ ಇರೋದೇ ಆ ಉತ್ತರದಲ್ಲಿ ಅಂತ ನನಗನ್ಸುತ್ತೆ. ಆಯ್ತಪ್ಪಾ, ಅವನು ಮೊದಲು ಸಮುದ್ರದ ನೀರಿಗೂ ದಡದ ಮರಳಿಗೂ ನಡುವೆ ಒಂದೆಕರೆ ಜಮೀನು ಹುಡುಕ್ಲಿ, ಕುರಿಮರಿ ಕೊಂಬಲ್ಲಿ ಉಳ್ಲಿ, ಒಂದೇ ಒಂದು ಮೆಣಸಿನ ಕಾಳನ್ನ ಹೊಲ ತುಂಬಾ ಬಿತ್ತಲಿ, ಚರ್ಮದ ಕುಡುಗೋಲಲ್ಲಿ ಕೊಯ್ಲಿ, ಎಲ್ಲಾ ಮುಗಿದ್ಮೇಲೆ ಬಂದು ಅಂಗಿ ತಗೊಂಡು ಹೋಗ್ಲಿ. ಅಂದ್ರೆ ಇದು ಇಬ್ಬರ ಜಗ್ಗಾಟ, ಸವಾಲು-ಜವಾಬು. ನಮ್ಮ ಗೀಗಿ ಪದದಲ್ಲಿ ಹರದೇಶಿ-ನಾಗೇಶಿ ಮೇಳಗಳ ವಾದ ಕೇಳಿದವರಿಗೆ ಈ ಏಟು-ಎದಿರೇಟು ಎಷ್ಟು ಮಜಾ ಕೊಡುತ್ತೆ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅನ್ನೋ ಅಮೆರಿಕದ ವಿದ್ವಾಂಸ 1882ರಿಂದ 1898ರವರೆಗೆ 305 ಇಂಗ್ಲಿಷ್ ಮತ್ತು ಸ್ಕಾಟಿಷ್ ಕಥನಗೀತೆಗಳನ್ನ ನಂಬರ್ ಹಾಕಿ ಪ್ರಕಟಿಸಿದ್ರು, ಅದ್ರಲ್ಲಿ 2ನೇ ನಂಬರಿನ 'ದಿ ಎಲ್ಫಿನ್ ನೈಟ್' ಇದರ ಮೂಲದ ಮನೆತನ. 17ನೇ ಶತಮಾನದ ಮುದ್ರಿತ ಪಾಠದಲ್ಲಿ ಜಾತ್ರೆನೂ ಇಲ್ಲ, ಪಾರ್ಸ್ಲಿ-ಸೇಜ್-ರೋಸ್‌ಮೆರಿ-ಥೈಮ್ ಅಂತ ಸೊಪ್ಪುಗಳ ಹೆಸರು ಹೇಳೋ ಪಲ್ಲವಿನೂ ಇಲ್ಲ. ಅಲ್ಲಿ ಬೆಟ್ಟದ ಮೇಲೆ ಕೊಂಬೂದೋ ಒಬ್ಬ ಮಾಯಾವಿ ವೀರ, ಅವನು ಒಡ್ಡಿದ ಷರತ್ತಿಗೆ ತನ್ನ ಷರತ್ತು ಒಡ್ಡಿ ತಪ್ಪಿಸ್ಕೊಳ್ಳೋ ಒಬ್ಳು ಹುಡುಗಿ. ಅದೇ ಹಾಡು ಇನ್ನೊಂದ್ಕಡೆ 'ವಿಟಿಂಗ್‌ಹ್ಯಾಮ್ ಫೇರ್' ಆಗಿದೆ, ಊರಿಗೊಂದು ಜಾತ್ರೆ ಹೆಸರು. ಇಷ್ಟೆಲ್ಲಾ ಬದಲಾದ್ರೂ ಹಳೇ ಪಾಠಗಳನ್ನ ಒಂದೇ ಕುಟುಂಬ ಅಂತ ಹಿಡಿದಿಟ್ಟಿರೋದು ಆ ಷರತ್ತು ಮತ್ತೆ ಮರುಷರತ್ತು.

ಈಗ ಕೇಳೋಕೆ ವರ್ಷನ್ ಆರಿಸ್ಕೊಳ್ಳಿ. ಇಪ್ಪತ್ತು ಬೇಡ, ನಾಲ್ಕೈದು ಸಾಕು, ಆದ್ರೆ ಒಂದಕ್ಕೊಂದು ದೂರ ಇರ್ಲಿ. ನನ್ನ ಪಟ್ಟಿ ಹೀಗೆ: ಇಂಗ್ಲೆಂಡಿನ ಜನಪದ ಗಾಯಕ ಮಾರ್ಟಿನ್ ಕಾರ್ಥಿ ತಮ್ಮ ಮೊದಲ ಆಲ್ಬಮ್ಮಲ್ಲಿ ಹಾಡಿದ್ದು (1965), ಸೈಮನ್ ಅಂಡ್ ಗಾರ್ಫಂಕಲ್ (1966), ಬ್ರೆಜಿಲ್‌ನ ಸೆರ್ಜಿಯೋ ಮೆಂಡಿಸ್ ಮತ್ತು ಬ್ರೆಸಿಲ್ '66 ತಂಡದ್ದು (1968), ಸಾರಾ ಬ್ರೈಟ್‌ಮನ್ 'ಲಾ ಲೂನಾ' ಆಲ್ಬಮ್ಮಿಂದು (2000), ಇದರ ಜೊತೆ ಇತ್ತೀಚಿನ ಯಾವುದಾದ್ರೂ ಒಂದು, ಒಬ್ರೇ ಹಾಡಿರೋದು, ವಾದ್ಯ ಕಮ್ಮಿ ಇರೋದು. ಮೊದಲು ನಿಮಗೆ ಗೊತ್ತಿರೋದನ್ನೇ ಕೇಳಿ, ಆಮೇಲೆ ಹಿಂದಕ್ಕೆ ಹೋಗಿ, ಕೊನೆಗೆ ಮುಂದಕ್ಕೆ ಬನ್ನಿ. ಕಾಲಾನುಕ್ರಮದಲ್ಲೇ ಕೇಳ್ಬೇಕು ಅಂತ ಕೆಲವ್ರು ಹೇಳ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ, ಕಿವಿಗೆ ಪರಿಚಯ ಇರೋದ್ರಿಂದ ಶುರು ಮಾಡಿದ್ರೆನೇ ವ್ಯತ್ಯಾಸ ಬೇಗ ಹಿಡಿಯುತ್ತೆ.

ಕೇಳುವಾಗ ವಾಲ್ಯೂಮ್ ಎಲ್ಲದಕ್ಕೂ ಒಂದೇ ಮಟ್ಟಕ್ಕೆ ತನ್ನಿ. ಸಣ್ಣ ವಿಷಯ ಅನ್ನಿಸ್ಬೋದು, ಆದ್ರೆ ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ, ಹೊಸ ರೆಕಾರ್ಡಿಂಗ್‌ಗಳು ಅರವತ್ತರ ದಶಕದ್ದಕ್ಕಿಂತ ಸಾಮಾನ್ಯವಾಗಿ ಜೋರಾಗೇ ಇರ್ತವೆ. ಸ್ಕ್ರೀನ್ ಆಫ್ ಮಾಡಿ. ವಿಡಿಯೋದಲ್ಲಿ ಮಂಜು, ಕೋಟೆ, ಉದ್ದ ಗೌನು ತೋರ್ಸಿದ್ರೆ ಹಾಡೇ ಹಳೇದು ಅನ್ನಿಸ್ಬಿಡುತ್ತೆ, ಕಾಮೆಂಟ್ ಓದಿದ್ರಂತೂ ನಿಮ್ಮ ಅಭಿಪ್ರಾಯ ಅಲ್ಲಿಗೇ ಮುಗೀತು.

ಒಂದು ಹಾಳೇಲಿ ಪ್ರತಿ ವರ್ಷನ್‌ಗೂ ಯಾವ್ಯಾವ ಚರಣ ಇದೆ ಬರ್ಕೊಳ್ಳಿ, ಪಕ್ಕದಲ್ಲಿ ಆ ಚರಣ ಯಾರು ಯಾರಿಗೆ ಹೇಳ್ತಿರೋದು ಅಂತನೂ. ಸೈಮನ್ ಅಂಡ್ ಗಾರ್ಫಂಕಲ್‌ದು ಬರೀವಾಗ ಒಂದು ವಿಚಿತ್ರ ಗೊತ್ತಾಗುತ್ತೆ. ಅಂಗಿ ಹೊಲಿಯೋದೂ ಅವಳಿಗೇ ಹೇಳು, ಸಮುದ್ರದ ದಡದಲ್ಲಿ ಎಕರೆ ಜಮೀನು ಹುಡುಕೋದೂ ಅವಳಿಗೇ ಹೇಳು, ಚರ್ಮದ ಕುಡುಗೋಲಲ್ಲಿ ಕೊಯ್ಯೋದೂ ಅವಳಿಗೇ! ಹಳೇ ಪಾಠದಲ್ಲಿ ಅವಳು ಅವನಿಗೆ ಒಡ್ಡಿದ ಸವಾಲುಗಳು ಇಲ್ಲಿ ತಿರುಗಿ ಅವಳ ತಲೆ ಮೇಲೇ ಬಿದ್ದಿವೆ. ಅವಳ ಬಾಯಿ ಮುಚ್ಚೋಯ್ತು, ಜಗ್ಗಾಟ ಹೋಗಿ ಒಬ್ಬನ ಕೊರಗು ಉಳೀತು. ಇಷ್ಟು ಮಧುರವಾಗಿ ಹಾಡಿರೋದ್ರಿಂದ ಇದು ಗಮನಕ್ಕೇ ಬರಲ್ಲ.

ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ಅದೇ ರೆಕಾರ್ಡಲ್ಲಿ ಇನ್ನೊಂದು ದನಿ ಹಿಂದೆ ಓಡ್ತಿರುತ್ತೆ, ಎರಡನೇ ಸಲ ಬರೀ ಅದನ್ನೇ ಹಿಡಿದು ಕೇಳಿ. ಅದು 'ಕ್ಯಾಂಟಿಕಲ್', ಪಾಲ್ ಸೈಮನ್ ಮುಂಚೆ ಬರೆದಿದ್ದ 'ದಿ ಸೈಡ್ ಆಫ್ ಎ ಹಿಲ್' ಅನ್ನೋ ಯುದ್ಧವಿರೋಧಿ ಹಾಡನ್ನ ತಿದ್ದಿ ಹೆಣೆದಿರೋದು. ಬಂದೂಕು ಒರೆಸೋ ಸೈನಿಕ, ಯಾಕೆ ಅಂತ ಮರೆತೇಹೋದ ಕಾರಣಕ್ಕೆ ನಡೆಯೋ ಕೊಲೆ, ಇವೆಲ್ಲ ಜಾತ್ರೆ, ಸೊಪ್ಪು, ಅಂಗಿ ನಡುವೆ ಸುಳಿದು ಹೋಗ್ತವೆ. ವಿಯೆಟ್ನಾಂ ಯುದ್ಧದ ಕಾಲ ಅದು. ಅಂದ್ರೆ ಎರಡು ದನಿಯ ಹಾಡಲ್ಲಿ ಹುಡುಗಿಯ ದನಿ ತೆಗೆದಿದ್ದಾರೆ, ಆದ್ರೆ ಎರಡನೇ ದನಿಯ ಜಾಗ ಖಾಲಿ ಬಿಟ್ಟಿಲ್ಲ, ಅಲ್ಲಿ ಯುದ್ಧ ತಂದು ಕೂರ್ಸಿದ್ದಾರೆ. ನನ್ನ ಮಟ್ಟಿಗೆ ಆ ವರ್ಷನ್ ದೊಡ್ಡದಾಗೋದು ಇದ್ರಿಂದ್ಲೇ. ಆಮೇಲೆ ಬಂದ ಎಷ್ಟೋ ಕವರ್‌ಗಳು ಈ ಕ್ಯಾಂಟಿಕಲ್ಲನ್ನೂ ಬಿಟ್ಟು, ಹುಡುಗಿಯ ಉತ್ತರವನ್ನೂ ವಾಪಸ್ ತರದೆ ಬರೀ ಮೇಲಿನ ರಾಗ ಹಾಡ್ತವೆ. ಅಲ್ಲಿ ಸೌಂದರ್ಯ ಇರುತ್ತೆ, ಜಗಳನೂ ಇಲ್ಲ ಭಯನೂ ಇಲ್ಲ. ಹೆಂಗಸರು ಹಾಡಿದಾಗ 'ಅವಳು' ಅನ್ನೋದನ್ನ 'ಅವನು' ಮಾಡಿದಾರಾ ಅಂತನೂ ನೋಡಿ, ಮಾಡಿದ್ರೆ ಷರತ್ತು ಹಾಕೋ ಅಧಿಕಾರ ಯಾರ ಕೈಗೆ ಹೋಯ್ತು ಅಂತ ಯೋಚ್ನೆ ಮಾಡಿ, ಬರೀ ವ್ಯಾಕರಣದ ಬದಲಾವಣೆ ಅಲ್ಲ ಅದು.

ಇನ್ನು ರಾಗದ ಕಡೆ. ಸಂಗೀತ ಸ್ವಲ್ಪ ಕಲಿತಿರೋ ಕನ್ನಡಿಗರಿಗೆ ಇಲ್ಲೊಂದು ಅನುಕೂಲ ಇದೆ. ಈ ಹಾಡು ಪಾಶ್ಚಾತ್ಯರು ಡೋರಿಯನ್ ಅನ್ನೋ ಸ್ವರಮಾಲೆಯಲ್ಲಿದೆ, ಸ್ವರಗಳ ಲೆಕ್ಕದಲ್ಲಿ ಅದು ನಮ್ಮ ಖರಹರಪ್ರಿಯ, ಹಿಂದೂಸ್ತಾನಿ ಕಲಿತವರಿಗೆ ಕಾಫಿ ಥಾಟ್. ಗಮಕ, ಸಂಚಾರ ಎಲ್ಲಾ ಬೇರೆ, ಹಾಗಾಗಿ ಇದು ಖರಹರಪ್ರಿಯ ರಾಗ ಅಂತ ಹೇಳೋಕೆ ಹೋಗ್ಬೇಡಿ, ಸ್ವರಸ್ಥಾನ ಮಾತ್ರ ಒಂದೇ. ಮೊದಲ ಸಾಲು ಸ ಸ ಪ ಪ ಪ ರಿ ಗ ರಿ ಸ. ಎರಡನೇ ಸಾಲು, ಆ ಸೊಪ್ಪುಗಳ ಸಾಲು, ಪ ನಿ ಸ ನಿ ಪ ದ ಮ ಪ. ಈಗ ಗಮನ ಇಟ್ಟು ಕೇಳಿ, ಇಡೀ ಚರಣದಲ್ಲಿ ಧೈವತ ಬರೋದು ಈ ಒಂದೇ ಜಾಗದಲ್ಲಿ, ರೋಸ್‌ಮೆರಿ ಅನ್ನೋ ಪದ ಮುಗಿಯೋ ಹೊತ್ತಿಗೆ. ಅದು ಚತುಶ್ರುತಿ ಧೈವತ. ಅದನ್ನ ಶುದ್ಧ ಧೈವತಕ್ಕೆ ಇಳಿಸಿದ್ರೆ ಸ್ವರಮಾಲೆ ನಠಭೈರವಿ ಆಗಿ ಇಡೀ ಹಾಡು ಮಾಮೂಲಿ ದುಃಖದ ಹಾಡಾಗ್ಬಿಡುತ್ತೆ. ಆ ಒಂದು ಸ್ವರದಲ್ಲಿ ಬೆಳಕು ಬಂದು ಹೋಗೋದೇ ಈ ರಾಗದ ಸೊಗಸು. ಪ್ರತಿ ಕವರಲ್ಲೂ ಅಲ್ಲಿಗೆ ಬಂದಾಗ ನಿಲ್ಲಿಸಿ ಎರಡು ಸಲ ಕೇಳಿ: ಗಾಯಕರು ಆ ಸ್ವರದ ಮೇಲೆ ನಿಲ್ತಾರಾ, ಜಾರಿಸ್ಕೊಂಡು ಹೋಗ್ತಾರಾ, ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಅದಕ್ಕೆ ಒತ್ತಾಸೆ ಕೊಡುತ್ತಾ ಇಲ್ಲಾ ಮುಚ್ಚಿಹಾಕುತ್ತಾ. ಶ್ರುತಿ ಹಿಡಿಯೋಕೆ ತಂಬೂರಿ ಆಪ್ ಹಾಕೊಳ್ಳಿ, ಸೈಮನ್ ಗಿಟಾರಿನ ಏಳನೇ ಫ್ರೆಟ್ಟಲ್ಲಿ ಕೇಪೋ (ತಂತಿಗಳನ್ನ ಒತ್ತಿಹಿಡಿದು ಶ್ರುತಿ ಏರಿಸೋ ಕ್ಲಿಪ್ಪು) ಹಾಕಿ ನುಡಿಸೋದ್ರಿಂದ ಅವರದಕ್ಕೆ ಇ ಶ್ರುತಿ ಇಟ್ರೆ ಕೂರುತ್ತೆ. ಪ್ಲೇಬ್ಯಾಕ್ ಸ್ಪೀಡ್ 0.75ಕ್ಕೆ ಇಳಿಸಿದ್ರೆ ಇನ್ನೂ ಸ್ಪಷ್ಟ.

ತಾಳದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೂರರ ನಡೆ, ತಿಶ್ರ ಅಂತ ಕೈಯಲ್ಲಿ ಹಾಕ್ತಾ ಕೇಳಿದ್ರೆ ಯಾರು ಸಾಲಿನ ಕೊನೇಲಿ ಉಸಿರು ಬಿಡ್ತಾರೆ, ಯಾರು ಓಡ್ತಾರೆ ತಾನಾಗೇ ಗೊತ್ತಾಗುತ್ತೆ. ಮೆಂಡಿಸ್ ತಂಡದ್ದನ್ನ ಕೇಳಿದಾಗ ಮೊದ್ಲು ಇದೇನಪ್ಪಾ ಇಷ್ಟು ಖುಷಿಯಾಗಿದೆ ಅನ್ಸುತ್ತೆ, ಆದ್ರೆ ಅದನ್ನ ತಳ್ಳಿಹಾಕ್ಬೇಡಿ, ಒಬ್ಬರನ್ನೊಬ್ಬರು ಕೆಣಕೋ ಹಾಡಿಗೆ ಆ ತುಂಟತನ ಹತ್ತಿರನೇ ಇದೆ. ಬ್ರೈಟ್‌ಮನ್ ವರ್ಷನ್ ಕೇಳೋಕೆ ಹಿತ, ನನಗೆ ಅಲ್ಲಿ ಜಾತ್ರೆ ದಾರಿ ಕಾಣಲ್ಲ, ಚರ್ಚಿನ ಎತ್ತರದ ಚಾವಣಿ ಕಾಣುತ್ತೆ.

ಕ್ರೆಡಿಟ್ ಓದೋದನ್ನ ಮಾತ್ರ ಮರೀಬೇಡಿ. ಇವತ್ತು ಲೋಕವೆಲ್ಲ ಹಾಡೋ ಈ ಮಟ್ಟು 1947ರಲ್ಲಿ ಇವಾನ್ ಮೆಕಾಲ್ ಅನ್ನೋರು ಮಾರ್ಕ್ ಆಂಡರ್ಸನ್ ಅನ್ನೋ ನಿವೃತ್ತ ಸೀಸದ ಗಣಿ ಕಾರ್ಮಿಕರ ಬಾಯಿಂದ ಸಂಗ್ರಹಿಸಿದ್ದು, ಡರಮ್ ಸೀಮೆಯ ಮಿಡಲ್ಟನ್-ಇನ್-ಟೀಸ್‌ಡೇಲ್ ಅನ್ನೋ ಊರಲ್ಲಿ. ಕಾರ್ಥಿ ಅದಕ್ಕೆ ತಮ್ಮದೇ ಗಿಟಾರ್ ಹೆಣಿಗೆ ಕೊಟ್ಟು ಲಂಡನ್ನಿನ ಫೋಕ್ ಕ್ಲಬ್ಬುಗಳಲ್ಲಿ ಹಾಡ್ತಿದ್ರು, ಸೈಮನ್ 1965ರಲ್ಲಿ ಅವರಿಂದ ಕಲಿತ್ರು. 1966ರ ಆಲ್ಬಮ್ಮಲ್ಲಿ ಕಾರ್ಥಿ ಹೆಸರಿಲ್ಲ, ಜನಪದ ಅಂತನೂ ಇಲ್ಲ, ಬರೆದವರ ಜಾಗದಲ್ಲಿ ಸೈಮನ್, ಗಾರ್ಫಂಕಲ್ ಇಬ್ಬರದ್ದೇ ಹೆಸರು. ಮುಂದೆ ಈ ಹಾಡು ಬಳಸಿದ್ದ 'ದಿ ಗ್ರ್ಯಾಜುಯೇಟ್' ಸಿನಿಮಾ ಬಂದು (1967) ಹಾಡು ಎಲ್ಲೆಲ್ಲೋ ಹೋಯ್ತು. ಕಾರ್ಥಿಗೆ ಇದರಿಂದ ವರ್ಷಾನುಗಟ್ಲೆ ನೋವಿತ್ತು, 2000ದಲ್ಲಿ ಲಂಡನ್ನಲ್ಲಿ ಸೈಮನ್ನೇ ಕಾರ್ಥಿಯನ್ನ ವೇದಿಕೆಗೆ ಕರೆದು ಇಬ್ರೂ ಸೇರಿ ಇದೇ ಹಾಡು ಹಾಡಿದ್ರು. ಹಾಗಾಗಿ ಕಾರ್ಥಿ ಗಿಟಾರನ್ನ ಕೇಳಿದ್ಮೇಲೆ ತಕ್ಷಣ ಸೈಮನ್ ಗಿಟಾರ್ ಕೇಳಿ, ಯಾವ್ದು ಬಂದಿದ್ದು, ಯಾವ್ದು ಸೇರಿಸಿದ್ದು ಅಂತ ಬೇರೆ ಮಾಡಿ. ಹಾರ್ಪ್ಸಿಕಾರ್ಡ್ ಅನ್ನೋ ಹಳೇ ಕೀಬೋರ್ಡ್ ವಾದ್ಯದ ಗಲಗಲ, ಒಂದರ ಮೇಲೊಂದು ಪದರಪದರವಾಗಿ ಬರೋ ದನಿಗಳು, ಇವು ಸೇರಿಸಿದ್ದು. ಆ ಸುತ್ತಿಸುತ್ತಿ ಬರೋ ಗಿಟಾರ್ ನಡೆಯ ಋಣ ಕಾರ್ಥಿದು.

ಬಾಬ್ ಡಿಲನ್ 1963ರ 'ಗರ್ಲ್ ಫ್ರಮ್ ದಿ ನಾರ್ತ್ ಕಂಟ್ರಿ' ಕೂಡ ಕಾರ್ಥಿ ಹಾಡಿದ್ದನ್ನ ಕೇಳಿದ್ಮೇಲೆ ಹುಟ್ಟಿದ್ದು, ಅಲ್ಲಿ ನೆನಪು ಹೇಳು ಅನ್ನೋ ಸಾಲುಗಳಿವೆ, ಷರತ್ತುಗಳಿಲ್ಲ. ಅದನ್ನ ಕವರ್ ಪಟ್ಟಿಗೆ ಸೇರಿಸ್ಬೇಡಿ, ಪಕ್ಕದಲ್ಲಿ ಬೇರೆ ಕಾಲಮ್ ಮಾಡಿ. ಇಂಗ್ಲೆಂಡಿನ ರಾಕ್ ತಂಡ ದಿ ಸ್ಟೋನ್ ರೋಸಸ್ 1989ರಲ್ಲಿ ಇದೇ ಮಟ್ಟಿಗೆ ತಮ್ಮ ದೇಶದ ರಾಣಿಯನ್ನ ವಿರೋಧಿಸೋ ಮಾತು ಕೂಡಿಸಿ ಒಂದು ನಿಮಿಷನೂ ಇಲ್ದಿರೋ ಹಾಡು ಮಾಡಿದ್ರು, ಅದೂ ಆ ಕಾಲಮ್ಮಿಗೇ.

ಇಷ್ಟು ಮಾಡಿದ್ಮೇಲೆ ನಿಮ್ಮದೇ ಒಂದು ವರ್ಷನ್ ಹಾಡಿ ನೋಡಿ, ಇಬ್ರು ಬೇಕು. ಅಂಗಿ, ಬಾವಿ ಚರಣಗಳು ಒಬ್ರಿಗೆ, ಎಕರೆ, ಕೊಂಬು, ಮೆಣಸಿನ ಕಾಳು, ಕುಡುಗೋಲಿನ ಚರಣಗಳು ಇನ್ನೊಬ್ರಿಗೆ, ಸೊಪ್ಪುಗಳ ಸಾಲು ಇಬ್ರೂ ಸೇರಿ. ಕೊನೇಲಿ ಮೊದಲ ಚರಣಕ್ಕೆ ವಾಪಸ್ ಹೋಗ್ಬೇಡಿ, ಕೆಲಸ ಮುಗಿಸಿ ಬಂದು ಅಂಗಿ ತಗೊಂಡು ಹೋಗ್ಲಿ ಅಂತ ಅವಳು ಹೇಳೋ ಚರಣದಲ್ಲೇ ನಿಲ್ಸಿ.