ಐಎಫ್‌ಕೆ ಗೋಥೆನ್‌ಬರ್ಗ್ ಕ್ಲಬ್ಬಿನ ಹಿಸ್ಟರಿ ಓದೋಕೆ ಎಲ್ಲಿಂದ ಶುರು ಮಾಡ್ಬೇಕು

ಸ್ವೀಡನ್ ಫುಟ್‌ಬಾಲ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಇಬ್ರಾಹಿಮೋವಿಚ್ ಬಿಟ್ರೆ ಇನ್ನೊಂದು ಹೆಸರು ತಟ್ಟಂತ ನೆನಪಾಗಲ್ಲ. ಆದ್ರೆ ಅದೇ ದೇಶದ ಒಂದು ಕ್ಲಬ್ ಯುಇಎಫ್ಎ ಕಪ್‌ನ (ಯುರೋಪಿನ ಕ್ಲಬ್‌ಗಳ ಟೂರ್ನಿ, ಈಗಿನ ಯುರೋಪಾ ಲೀಗ್) ಎರಡು ಸಲ ಗೆದ್ದಿದೆ, ಗಂಡಸರ ಫುಟ್‌ಬಾಲ್‌ನಲ್ಲಿ ನಾರ್ಡಿಕ್ ದೇಶಗಳ ಬೇರೆ ಯಾವ ಕ್ಲಬ್ಬಿಗೂ ಅದು ಇವತ್ತಿನವರೆಗೂ ಆಗಿಲ್ಲ. ಅದೇ ಐಎಫ್‌ಕೆ ಗೋಥೆನ್‌ಬರ್ಗ್, ಫ್ಯಾನ್ಸ್ ಕರೆಯೋದು ಬ್ಲೋವಿಟ್ ಅಂತ, ನೀಲಿ ಬಿಳಿ ಪಟ್ಟೆ ಜರ್ಸಿ.

ಹೊಸಬರು ಮಾಡೋದೇನಂದ್ರೆ ವಿಕಿಪೀಡಿಯ ಓಪನ್ ಮಾಡಿ ಟ್ರೋಫಿ ಲಿಸ್ಟ್ ನೋಡಿ ಮುಚ್ಚಿಬಿಡ್ತಾರೆ. ಈ ಕ್ಲಬ್ಬಿಗೆ ಅದು ಸಾಲಲ್ಲ. ನನ್ನ ಪ್ರಕಾರ ಇದನ್ನ ಜೋಡಿ ಜೋಡಿ ಆಗಿ ಓದ್ಬೇಕು, ಅಂದ್ರೆ ಪ್ರತಿ ದೊಡ್ಡ ಗೆಲುವಿನ ಪಕ್ಕದಲ್ಲಿರೋ ಸೋಲನ್ನೂ ಕೂಡಿಸ್ಕೊಂಡೇ ಓದ್ಬೇಕು, ಯಾಕಂದ್ರೆ ಇಲ್ಲಿ ಅವೆರಡೂ ಯಾವಾಗ್ಲೂ ಒಂದು ವರ್ಷದ ಅಂತರದಲ್ಲೇ ಇರ್ತಾವೆ, ಕೆಲವು ಸಲ ಒಂದೇ ವರ್ಷದಲ್ಲಿ.

ಅದಕ್ಕೂ ಮುಂಚೆ ಒಂದು ಲೆಕ್ಕ ಸರಿ ಮಾಡ್ಕೊಳಿ, ಇಲ್ಲಾಂದ್ರೆ ಮುಂದೆ ಕನ್‌ಫ್ಯೂಸ್ ಆಗತ್ತೆ. ಒಂದು ಕಡೆ 18 ಸಲ ಚಾಂಪಿಯನ್ ಅಂತಿರತ್ತೆ, ಇನ್ನೊಂದು ಕಡೆ 13 ಸಲ ಅಂತಿರತ್ತೆ, ಎರಡೂ ಸರಿ. ಸ್ವೀಡನ್‌ನ ಟಾಪ್ ಲೀಗ್ ಹೆಸರು ಆಲ್‌ಸ್ವೆನ್ಸ್ಕನ್, ಅದು ಶುರುವಾಗಿದ್ದೇ 1924ರಲ್ಲಿ. ಅದಕ್ಕೆ ಮುಂಚೆ ನಾಕೌಟ್ ಕಪ್ ಗೆದ್ದವರೇ ದೇಶದ ಚಾಂಪಿಯನ್, ಐಎಫ್‌ಕೆ 1908, 1910, 1918ರಲ್ಲಿ ಗೆದ್ದಿದ್ದು ಹಾಗೆ. ಮತ್ತೆ 1980ರ ದಶಕದಲ್ಲಿ ಲೀಗ್ ಮುಗಿದ ಮೇಲೆ ಪ್ಲೇಆಫ್ ಆಡಿಸಿ ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡ್ತಿದ್ರು, 1983 ಮತ್ತೆ 1987ರಲ್ಲಿ ಇವರು ಲೀಗ್‌ನಲ್ಲಿ ಫಸ್ಟ್ ಬರದೇ ಇದ್ರೂ ಪ್ಲೇಆಫ್ ಗೆದ್ದು ಚಾಂಪಿಯನ್ ಆದ್ರು. ಹದಿಮೂರಕ್ಕೆ ಮೂರು, ಆಮೇಲೆ ಎರಡು ಸೇರಿಸಿ, ಹದಿನೆಂಟು ಆಯ್ತು. ಇನ್ನೊಂದು, ಹಳೇ ವರ್ಷಗಳು 1934–35, 1941–42 ಅಂತ ಜೋಡಿ ಆಗಿ ಬರೆದಿರ್ತಾರೆ, ಆಗ ಸೀಸನ್ ಚಳಿಗಾಲ ದಾಟಿ ಹೋಗ್ತಿತ್ತು. 1957–58ರದ್ದು ಆ ಪದ್ಧತಿ ಬದಲಾಯಿಸೋಕೆ ಅಂತ ಎಳೆದ ಉದ್ದನೆ ಸೀಸನ್, ಒಂದೊಂದು ಟೀಮ್‌ಗೂ 33 ಮ್ಯಾಚ್, ಅದನ್ನ ಗೆದ್ದಿದ್ದೂ ಇವರೇ.

ಶುರುವಿನ ಭಾಗಕ್ಕೆ ತುಂಬಾ ಟೈಮ್ ಕೊಡ್ಬೇಕಾಗಿಲ್ಲ. 1904ರ ಅಕ್ಟೋಬರ್ 4ಕ್ಕೆ ಆನೆದಾಲ್ ಅನ್ನೋ ಏರಿಯಾದ ಒಂದು ಕೆಫೆಯಲ್ಲಿ ಕ್ಲಬ್ ಶುರುವಾಯ್ತು, ಊರಲ್ಲಿ ಆಗ್ಲೇ ಓರ್ಗ್ರಿಟೆ, ಗಾಯಿಸ್ ಅನ್ನೋ ಕ್ಲಬ್‌ಗಳಿದ್ವು, ಓರ್ಗ್ರಿಟೆ ಅನುಕೂಲಸ್ಥರ ಕಡೆಯದು ಅಂತ ಹೆಸರಾದ್ರೆ ಐಎಫ್‌ಕೆ ಹಿಂದೆ ನಿಂತಿದ್ದು ಹೆಚ್ಚಾಗಿ ಕಾರ್ಮಿಕ ಜನ. ಇಬ್ಬರ ಹೆಸರು ಮಾತ್ರ ತಲೇಲಿ ಇಟ್ಕೊಳಿ. ಫಿಲಿಪ್ ಯೊಹಾನ್ಸನ್ 1924–25ರ ಮೊದಲ ಲೀಗ್ ಸೀಸನ್‌ನಲ್ಲೇ 39 ಗೋಲ್ ಹೊಡೆದ, ಆ ರೆಕಾರ್ಡ್ ಇನ್ನೂ ಯಾರೂ ಮುರಿದಿಲ್ಲ, ಆದ್ರೆ ಆ ವರ್ಷ ಕಪ್ ಹೋಗಿದ್ದು ಪಕ್ಕದ ಮನೆ ಗಾಯಿಸ್‌ಗೆ. ಇನ್ನೊಬ್ಬ ಗುನ್ನಾರ್ ಗ್ರೇನ್, 1948ರ ಒಲಿಂಪಿಕ್ ಗೋಲ್ಡ್ ಗೆದ್ದ ಟೀಮ್‌ನವನು, ಆಮೇಲೆ ಎಸಿ ಮಿಲಾನ್‌ಗೆ ಹೋದ, ಗಾಮ್ಲಾ ಉಲ್ಲೇವಿ ಸ್ಟೇಡಿಯಂ ಹೊರಗೆ ಅವನ ಪ್ರತಿಮೆ ಇದೆ.

ಮೊದಲ ಜೋಡಿ 1969 ಮತ್ತೆ 1970. 1969ರಲ್ಲಿ ಚಾಂಪಿಯನ್, ಮುಂದಿನ ವರ್ಷವೇ ಕೆಳಗಿನ ಡಿವಿಷನ್‌ಗೆ ಬಿದ್ರು! ಕೊನೆ ಮ್ಯಾಚ್ ಮನೆ ಅಂಗಳದಲ್ಲೇ, ಎರೆಬ್ರೂ ವಿರುದ್ಧ, ಗೆಲ್ಲೋದು ಆಗಲ್ಲ ಅಂತ ಗೊತ್ತಾದಾಗ ಮ್ಯಾಚೇ ರದ್ದಾಗ್ಲಿ ಅಂತ ಜನ ಗ್ರೌಂಡ್‌ಗೆ ನುಗ್ಗಿದ್ರು, ಏನೂ ಪ್ರಯೋಜನ ಆಗ್ಲಿಲ್ಲ. ವಾಪಸ್ ಮೇಲೆ ಬರೋಕೆ 1977ರ ಸೀಸನ್‌ವರೆಗೂ ಕಾಯ್ಬೇಕಾಯ್ತು. ಈ ಭಾಗನ ಯಾರೂ ಸ್ಕಿಪ್ ಮಾಡ್ಬೇಡಿ, ಯಾಕಂದ್ರೆ ಕೆಳಗೆ ಬಿದ್ದ ದಿನದಿಂದ ಬರೀ ಹನ್ನೆರಡು ವರ್ಷಕ್ಕೆ ಇದೇ ಕ್ಲಬ್ ಯುರೋಪಿನ ಕಪ್ ಎತ್ತಿದ್ದು.

ಎರಡನೇ ಜೋಡಿ ಒಂದೇ ವರ್ಷದ್ದು, 1982ರ ದಿವಾಳಿ ಭಯ ಮತ್ತೆ ಅದೇ ವರ್ಷದ ಯುಇಎಫ್ಎ ಕಪ್ ಗೆಲುವು, ಇಲ್ಲಿ ನಿಧಾನ ಮಾಡಿ, ಒಂದು ಸಂಜೆ ಪೂರ್ತಿ ಕೊಡಿ. 1979ರಲ್ಲಿ ಕೋಚ್ ಆಗಿ ಬಂದವರು ಸ್ವೆನ್ ಯೋರನ್ ಎರಿಕ್ಸನ್, ಮುಂದೆ ಇಂಗ್ಲೆಂಡ್ ಟೀಮ್ ಕೋಚ್ ಆದ್ರಲ್ಲ ಅವರೇ, ಆಗ ಚಿಕ್ಕ ಕ್ಲಬ್ಬೊಂದರಿಂದ ಬಂದಿದ್ದ, ಯಾರೂ ಹೆಸರು ಕೇಳಿರದ ಮನುಷ್ಯ. 1982ರ ಶುರುವಲ್ಲಿ ಕ್ಲಬ್ ದಿವಾಳಿ ಅಂಚಿಗೆ ಬಂದಿತ್ತು, ವಲೆನ್ಸಿಯಾ ವಿರುದ್ಧ ಕ್ವಾರ್ಟರ್ ಫೈನಲ್ ಆಡೋಕೆ ಸ್ಪೇನ್‌ಗೆ ಹೋಗೋ ಖರ್ಚಿಗೆ ಸಪೋರ್ಟರ್ಸ್ ಕ್ಲಬ್ ಹತ್ರ ಸಾಲ ತಗೊಂಡು ಹೋದ್ರು. ಅಲ್ಲಿ 2-2, ಮನೇಲಿ 2-0. ಸೆಮಿಫೈನಲ್‌ನಲ್ಲಿ ಜರ್ಮನಿಯ ಕೈಸರ್ಸ್‌ಲೌಟರ್ನ್‌ನ ಎಕ್ಸ್‌ಟ್ರಾ ಟೈಮ್‌ನಲ್ಲಿ ಸೋಲಿಸಿ, ಫೈನಲ್‌ಗೆ ಎದುರಿಗೆ ಬಂದಿದ್ದು ಜರ್ಮನಿಯದ್ದೇ ಹ್ಯಾಂಬರ್ಗ್, ಮಾಗಾತ್, ಕಾಲ್ಟ್ಸ್, ಹ್ರುಬೇಶ್ ಇದ್ದ ಟೀಮ್, ಮುಂದಿನ ವರ್ಷವೇ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದವರು.

ಫೈನಲ್ ಎರಡು ಲೆಗ್, ಅಂದ್ರೆ ಒಬ್ಬೊಬ್ಬರ ಊರಲ್ಲಿ ಒಂದೊಂದು ಮ್ಯಾಚ್. ಮೊದಲನೇದು ಗೋಥೆನ್‌ಬರ್ಗ್‌ನ ದೊಡ್ಡ ಸ್ಟೇಡಿಯಂ ಉಲ್ಲೇವಿಯಲ್ಲಿ (ಗಾಮ್ಲಾ ಉಲ್ಲೇವಿ ಬೇರೆ), ಗ್ರೌಂಡ್ ಎಲ್ಲಾ ಒದ್ದೆ, ಮುಗಿಯೋಕೆ ಸ್ವಲ್ಪ ಮುಂಚೆ ಟೂರ್ಡ್ ಹೋಲ್ಮ್‌ಗ್ರೇನ್ ಗೋಲ್, 1-0. ಹ್ಯಾಂಬರ್ಗ್‌ನವರು ಇದೇನು ಮಹಾ, ನಮ್ಮೂರಲ್ಲಿ ನೋಡ್ಕೊಳೋಣ ಅಂದ್ಕೊಂಡಿರ್ತಾರೆ, ಮೇ 19ಕ್ಕೆ ಅವರ ಗ್ರೌಂಡ್‌ನಲ್ಲೇ 3-0. ಕೊರ್ನೇಲಿಯುಸನ್, ಟೋರ್ಬ್ಯೋರ್ನ್ ನಿಲ್ಸನ್, ಆಮೇಲೆ ಫ್ರೆಡ್ರಿಕ್ಸನ್ ಪೆನಾಲ್ಟಿ. ಎರಡನೇ ಲೆಗ್ ವಿಡಿಯೋ ಸಿಕ್ಕಿದ್ರೆ ಬಾಲ್ ಹಿಂದೆ ಕಣ್ಣು ಓಡಿಸ್ಬೇಡಿ, ಡಿಫೆನ್ಸ್‌ನ ನಾಲ್ಕು ಜನ ಮತ್ತೆ ಮುಂದಿನ ಇಬ್ಬರ ನಡುವೆ ಎಷ್ಟು ಜಾಗ ಇದೆ ಅಂತ ನೋಡಿ. ಬಾಲ್ ಎಡಕ್ಕೆ ಹೋದ್ರೆ ಇಡೀ ಟೀಮ್ ಎಡಕ್ಕೆ ಸರಿಯತ್ತೆ, ಬಲಕ್ಕೆ ಹೋದ್ರೆ ಬಲಕ್ಕೆ, ಒಬ್ಬೊಬ್ಬ ಆಟಗಾರನ್ನ ಹಿಡ್ಕೊಂಡು ಕಾಯೋದು ಬಿಟ್ಟು ಜಾಗನ ಕಾಯ್ತಾರೆ, ಎದುರಿನವನಿಗೆ ಬಾಲ್ ಸಿಗೋ ಹೊತ್ತಿಗೆ ಇಬ್ಬರು ಅವನ ಮೇಲೆ. ಟೀಮ್‌ನಲ್ಲಿ ಬಹಳಷ್ಟು ಜನ ಹಗಲು ಬೇರೆ ಕೆಲಸ ಮಾಡ್ಕೊಂಡು ಸಂಜೆ ಪ್ರಾಕ್ಟೀಸ್‌ಗೆ ಬರ್ತಿದ್ದೋರು ಅನ್ನೋದು ನೆನಪಿಟ್ಕೊಂಡು ಇದನ್ನ ನೋಡಿ, ಮೈ ಜುಂ ಅನ್ನತ್ತೆ.

ಗೆದ್ದಿದ್ದಕ್ಕೆ ಬೆಲೆನೂ ತೆತ್ರು. ಎರಿಕ್ಸನ್ ಪೋರ್ಚುಗಲ್‌ನ ಬೆನ್‌ಫಿಕಾಗೆ ಹೋದ್ರು, ನಿಲ್ಸನ್ ಕೈಸರ್ಸ್‌ಲೌಟರ್ನ್‌ಗೆ, ಗ್ಲೆನ್ ಸ್ಟ್ರೋಂಬರ್ಗ್ ಕೂಡ ಆಮೇಲೆ ಬೆನ್‌ಫಿಕಾಗೆ. ಅಂದ ಹಾಗೆ ಆ ಕಾಲದಲ್ಲಿ ಟೀಮ್‌ನಲ್ಲಿ ನಾಲ್ಕು ಜನ ಗ್ಲೆನ್‌ಗಳಿದ್ರು, ಹೀಸೇನ್, ಸ್ಟ್ರೋಂಬರ್ಗ್, ಶಿಲ್ಲರ್, ಹೋಲ್ಮ್. ಗೋಥೆನ್‌ಬರ್ಗ್‌ನಲ್ಲಿ ಎಲ್ಲರ ಹೆಸರೂ ಗ್ಲೆನ್ ಅನ್ನೋ ಮಾತು ಅಲ್ಲಿಂದಲೇ ಬಂದಿದ್ದು.

ಮೂರನೇದು 1986 ಮತ್ತೆ 1987, ಇದನ್ನ ಇದೇ ಆರ್ಡರ್‌ನಲ್ಲೇ ನೋಡಿ. 1986ರ ಯುರೋಪಿಯನ್ ಕಪ್ ಸೆಮಿಫೈನಲ್, ಮನೇಲಿ ಬಾರ್ಸಿಲೋನಾ ಮೇಲೆ 3-0, ಅಲ್ಲಿ ಹೋದ್ರೆ ಅವರ ಪಿಚಿ ಅಲೋನ್ಸೊ ಹ್ಯಾಟ್ರಿಕ್, 0-3, ಪೆನಾಲ್ಟಿಯಲ್ಲಿ ಔಟ್. ಫೈನಲ್ ಇಷ್ಟು ಹತ್ರ ಬಂದು ಕೈ ತಪ್ಪಿದ್ದು. ಮುಂದಿನ ಸೀಸನ್ ಯುಇಎಫ್ಎ ಕಪ್‌ನಲ್ಲಿ ಇಟಲಿಯ ಇಂಟರ್‌ನ ಅವೇ ಗೋಲ್ ಮೇಲೆ (ಒಟ್ಟು ಗೋಲ್ ಸಮ ಆದ್ರೆ ಎದುರಾಳಿ ಊರಲ್ಲಿ ಜಾಸ್ತಿ ಹೊಡೆದವರು ಮುಂದೆ) ಹೊರಗೆ ಹಾಕಿ, ಫೈನಲ್‌ನಲ್ಲಿ ಸ್ಕಾಟ್ಲೆಂಡ್‌ನ ಡಂಡೀ ಯುನೈಟೆಡ್ ಮೇಲೆ 1-0, ಆಮೇಲೆ ಅವರೂರಲ್ಲಿ 1-1. ಬಾರ್ಸಿಲೋನಾನ ಆ ವರ್ಷ ಸೋಲಿಸಿ ಬಂದಿದ್ದವರೇ ಈ ಡಂಡೀ. ಸೋತ ಮೇಲೂ ಡಂಡೀ ಜನ ಎದ್ದು ನಿಂತು ಗೋಥೆನ್‌ಬರ್ಗ್ ಆಟಗಾರರಿಗೆ ಚಪ್ಪಾಳೆ ಹೊಡೆದ್ರು, ಅದಕ್ಕೆ ಫಿಫಾ ಅವರಿಗೆ ಫೇರ್ ಪ್ಲೇ ಪ್ರಶಸ್ತಿ ಕೊಡ್ತು. ಮ್ಯಾಚ್ ಮುಗಿದ ಮೇಲಿನ ಆ ಕೆಲವು ನಿಮಿಷ ಕಟ್ ಮಾಡಿರದ ವಿಡಿಯೋ ಹುಡುಕಿ.

1990ರ ದಶಕದಲ್ಲಿ ದೇಶದೊಳಗೆ ಇವರದ್ದೇ ರಾಜ್ಯ, ಏಳು ವರ್ಷದಲ್ಲಿ ಆರು ಟೈಟಲ್. 1994–95 ಚಾಂಪಿಯನ್ಸ್ ಲೀಗ್ ಗ್ರೂಪ್‌ನಲ್ಲಿ ಬಾರ್ಸಿಲೋನಾ, ಮ್ಯಾಂಚೆಸ್ಟರ್ ಯುನೈಟೆಡ್, ಗಲಟಾಸರಾಯ್ ಇದ್ರೂ ಫಸ್ಟ್ ಬಂದಿದ್ದು ಐಎಫ್‌ಕೆ, ಗೋಲ್‌ಕೀಪರ್ ರವೆಲ್ಲಿ, ಎಡಗಡೆ ಬ್ಲೋಮ್‌ಕ್ವಿಸ್ಟ್. ಉಲ್ಲೇವಿಯಲ್ಲಿ ಯುನೈಟೆಡ್ ಮೇಲೆ 3-1. ಕ್ವಾರ್ಟರ್ ಫೈನಲ್‌ನಲ್ಲಿ ಬಯರ್ನ್ ವಿರುದ್ಧ ಸೋಲದೇ ಹೊರಗೆ ಬಿದ್ರು, 0-0, 2-2, ಅವೇ ಗೋಲ್. 1995ರ ಕೊನೆಗೆ ಬೋಸ್ಮನ್ ತೀರ್ಪು ಬಂತು, ಕಾಂಟ್ರಾಕ್ಟ್ ಮುಗಿದ ಆಟಗಾರ ಟ್ರಾನ್ಸ್‌ಫರ್ ದುಡ್ಡಿಲ್ಲದೇ ಹೋಗ್ಬಹುದು ಅಂತಾಯ್ತು, ಟಿವಿ ದುಡ್ಡೂ ದೊಡ್ಡ ಲೀಗ್‌ಗಳಲ್ಲೇ ಸುರಿಯೋಕೆ ಶುರುವಾಯ್ತು, ಸ್ವೀಡನ್ ಕ್ಲಬ್‌ಗಳು ಒಳ್ಳೇ ಟೀಮ್‌ನ ಎರಡು ಮೂರು ವರ್ಷ ಒಟ್ಟಿಗೆ ಇಟ್ಕೊಳೋದೇ ಕಷ್ಟ ಆಯ್ತು. 2007ರ ಟೈಟಲ್ ನೋಡಿದ್ರೆ ಸಾಕು, ಮಾರ್ಕುಸ್ ಬೆರ್ಗ್ 14 ಗೋಲ್ ಹೊಡೆದು ಸೀಸನ್ ಮಧ್ಯದಲ್ಲೇ ಹಾಲೆಂಡ್‌ಗೆ ಮಾರಾಟ ಆದ, ಆದ್ರೂ ಸೀಸನ್ ಕೊನೆಗೆ ಟಾಪ್ ಸ್ಕೋರರ್ ಜಾಗ ಇನ್ನೊಬ್ಬನ ಜೊತೆ ಹಂಚ್ಕೊಂಡ. ಅದೇ ಇವರ ಕೊನೆ ಲೀಗ್ ಟೈಟಲ್. 2020ರಲ್ಲಿ ಸ್ವೀಡಿಷ್ ಕಪ್ ಸಿಕ್ತು, 2023, 2024 ಎರಡೂ ವರ್ಷ 13ನೇ ಜಾಗ. 2025ರ ಅಕ್ಟೋಬರ್‌ನಲ್ಲಿ ಮೀನುಗಾರರ ಸಣ್ಣ ಊರಿನ ಮ್ಯಾಲ್‌ಬಿ ಕ್ಲಬ್ ತನ್ನ ಮೊದಲ ಟೈಟಲ್ ಪಕ್ಕಾ ಮಾಡಿದ್ದು ಇವರ ಗ್ರೌಂಡ್‌ನಲ್ಲೇ, ಇವರನ್ನೇ 2-0 ಸೋಲಿಸಿ.

ಹಾಗಾದ್ರೆ ಶ್ರೀಮಂತರು ಯಾರಾದ್ರೂ ಕೊಂಡ್ಕೊಳ್ಬಾರದಾ ಅಂತ ಕೇಳ್ತೀರಿ. ಸ್ವೀಡನ್‌ನಲ್ಲಿ ಕ್ಲಬ್ಬಿನ ವೋಟಿಂಗ್ ಬಲದಲ್ಲಿ ಬಹುಪಾಲು ಸದಸ್ಯರ ಕೈಲೇ ಇರ್ಬೇಕು ಅನ್ನೋ ರೂಲ್ ಇದೆ, ಜನ ಅದನ್ನ ಬಿಟ್ಟುಕೊಡೋಕೆ ತಯಾರಿಲ್ಲ, ನನಗೂ ಅದೇ ಸರಿ ಅನ್ಸತ್ತೆ. ಅಲ್ಲಿ ವಿಎಆರ್ (ವಿಡಿಯೋ ನೋಡಿ ರೆಫರಿ ತೀರ್ಪು ಪರಿಶೀಲಿಸೋದು) ಬೇಡ ಅಂತ ಆಗಿದ್ದೂ ಹೀಗೇ, ಸದಸ್ಯರು ತಮ್ಮ ಕ್ಲಬ್ ಮೀಟಿಂಗ್‌ಗಳಲ್ಲಿ ವೋಟ್ ಹಾಕಿ.

ಈಗಿನ ಸೀಸನ್ ಫಾಲೋ ಮಾಡೋದು ನಮಗೆ ಸುಲಭ. ವಸಂತದಲ್ಲಿ ಶುರುವಾಗಿ ನವೆಂಬರ್‌ಗೆ ಮುಗಿಯತ್ತೆ, ಇಂಗ್ಲೆಂಡ್, ಸ್ಪೇನ್ ಲೀಗ್ ರಜೆ ಇರೋ ಜುಲೈನಲ್ಲೂ ಮ್ಯಾಚ್ ಇರತ್ತೆ. ಬೇಸಿಗೆಯಲ್ಲಿ ಅವರಿಗಿಂತ ನಾವು ಮೂರೂವರೆ ಗಂಟೆ ಮುಂದೆ, ಅಲ್ಲಿ ಮಧ್ಯಾಹ್ನ 2ರ ಮ್ಯಾಚ್ ಇಲ್ಲಿ ಸಂಜೆ 5:30ಕ್ಕೆ, ಅಕ್ಟೋಬರ್ ಕೊನೆ ಭಾನುವಾರ ಅವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಇನ್ನೊಂದು ಗಂಟೆ ಸೇರಿಸ್ಕೊಳಿ. ಕೆಲಸಕ್ಕೆ ಅಂತ ಗೋಥೆನ್‌ಬರ್ಗ್‌ಗೆ ಹೋದವರು ಇದ್ರೆ, ಮೊದಲು ಹೋಗ್ಬೇಕಾದ ಮ್ಯಾಚ್ ಗಾಯಿಸ್ ಜೊತೆಗಿನದು, ಎರಡೂ ಟೀಮ್‌ಗೆ ಮನೆ ಅಂಗಳ ಒಂದೇ, ಗಾಮ್ಲಾ ಉಲ್ಲೇವಿ, ಜಾಗ 18 ಸಾವಿರದಷ್ಟು ಮಾತ್ರ, ಅದಕ್ಕೆ ಟಿಕೆಟ್ ಬೇಗ ನೋಡ್ಕೊಳಿ.