ನಾಯಿ ವೇಷದ ಕಿವಿ ಕಳಚದಂತೆ ಮಾಡಿದ್ದು ಹೀಗೆ

ಶಾಲೆಯ ಛದ್ಮವೇಷಕ್ಕೆ ಮಗಳು ಆರಿಸಿಕೊಂಡದ್ದು ನಾಯಿ. ಕಂದು ಫೋಮ್ ಶೀಟಿನಲ್ಲಿ ಕಿವಿ ಕತ್ತರಿಸಿ ಹೇರ್‌ಬ್ಯಾಂಡಿಗೆ ಗಮ್ ಹಚ್ಚಿ ಅಂಟಿಸಿದರೆ, ಅವಳು ತಲೆ ಅಲ್ಲಾಡಿಸಿದ ಕೂಡಲೇ ಒಂದು ಕಳಚಿ ಬೀಳುತ್ತಿತ್ತು. ಬ್ಯಾಂಡ್ ನುಣುಪು, ಕಿವಿಯ ಅಂಚು ತೆಳು, ಅಂಟು ಹಿಡಿಯೋಕೆ ಜಾಗವೇ ಇಲ್ಲ ಅಲ್ವಾ! ಅದಕ್ಕೆ ಬುಡದಲ್ಲಿ 2 ಇಂಚು ಜಾಸ್ತಿ ಬಿಟ್ಟು ಹೊಸ ಕಿವಿ ಕತ್ತರಿಸಿದೆ, ಆ ಪಟ್ಟಿಯನ್ನು ಬ್ಯಾಂಡಿಗೆ ಒಂದು ಸುತ್ತು ತಂದು ಮಡಚಿ, ಫೋಮಿಗೆ ಫೋಮನ್ನೇ ಸೇರಿಸಿ ದಪ್ಪ ದಾರದಲ್ಲಿ ಹೊಲಿದೆ. ಈಗ ಎಳೆದರೂ ಬರುವುದಿಲ್ಲ. ಕಿವಿ ಜೋತು ಬೀಳಬೇಕೆಂದರೆ ಬುಡದಲ್ಲಿ ಸಣ್ಣ ನೆರಿಗೆ ಹಿಡಿದು ಹೊಲಿಯಿರಿ.

ಬಾಲಕ್ಕೆ ಹಳೆ ಕಾಲುಚೀಲ, ಒಳಗೆ ಹತ್ತಿ. ಪಿನ್ನು ಬೇಡ, ಮಕ್ಕಳು ಕೂತಾಗ ಚುಚ್ಚುತ್ತದೆ. ಸೊಂಟಕ್ಕೆ ಎಲಾಸ್ಟಿಕ್ ಹಾಕಿ ಅದಕ್ಕೇ ಹೊಲಿದುಬಿಡಿ. ಮುಖವಾಡ ಸುಮ್ನೆ ತಲೆನೋವು, ಮೂಗಿನ ತುದಿಗೆ ಕಾಡಿಗೆ ಸಾಕು.