ಆಟೊಮ್ಯಾಟಿಕ್ ಕಾರಿನ ರೇಸ್: ಲಾಕಪ್ ಯಾವಾಗ ಹಾಕಬೇಕು?

ಲಾಕಪ್ ಎಂದೊಡನೆ ಪೊಲೀಸ್ ಠಾಣೆ ನೆನಪಾಗುವುದು ಸಹಜ. ಇಲ್ಲಿ ಬಂಧಿಗಳು ಎಂಜಿನ್ ಮತ್ತು ಗೇರ್‌ಬಾಕ್ಸ್. ಆಟೊಮ್ಯಾಟಿಕ್ ಕಾರಿನಲ್ಲಿ ಇವೆರಡರ ನಡುವೆ ಟಾರ್ಕ್ ಕನ್ವರ್ಟರ್ ಕುಳಿತಿರುತ್ತದೆ. ಎಂಜಿನ್ ಕಡೆಯ ಪಂಪ್ ಎಣ್ಣೆಯನ್ನು ಎರಚುತ್ತದೆ, ಎದುರಿನ ಟರ್ಬೈನ್ ಆ ರಭಸಕ್ಕೆ ತಿರುಗುತ್ತದೆ. ನಿಂತಲ್ಲಿಂದ ಹೊರಡುವಾಗ ಇದು ವರವೇ: ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸ್ ತಲುಪುತ್ತದೆ. ವೇಗ ಏರಿದ ಮೇಲೆ ಆ ಲಾಭ ಕರಗಿ ಜಾರಿಕೆಯಷ್ಟೇ ಉಳಿಯುತ್ತದೆ: ಟರ್ಬೈನ್ ಎಂಜಿನ್ನಿಗಿಂತ ನಿಧಾನವಾಗಿ ತಿರುಗುತ್ತದೆ. ಲಾಕಪ್ ಕ್ಲಚ್ ಟರ್ಬೈನನ್ನು ಕನ್ವರ್ಟರಿನ ಕವಚಕ್ಕೆ ಬಿಗಿದು ಈ ಜಾರಿಕೆಯನ್ನು ನಿಲ್ಲಿಸುತ್ತದೆ.

ಲಾಕಪ್ ಹಾಕುವ ಸ್ವಿಚ್ ಮುಟ್ಟುವ ಮೊದಲು ಜಾರಿಕೆ ಎಷ್ಟಿದೆ ಎಂದು ಲೆಕ್ಕ ಹಾಕಿ. ಟೈರಿನ ಸುತ್ತಳತೆ 2 ಮೀಟರ್, ಆಕ್ಸಲ್ ಅನುಪಾತ 4 (ಚಕ್ರದ ಒಂದು ಸುತ್ತಿಗೆ ಶಾಫ್ಟ್ ನಾಲ್ಕು ಸುತ್ತು), ಟಾಪ್ ಗೇರ್ 1:1 ಎಂದುಕೊಳ್ಳೋಣ. ಗಂಟೆಗೆ 180 ಕಿ.ಮೀ. ಎಂದರೆ ನಿಮಿಷಕ್ಕೆ 3000 ಮೀಟರ್. ಚಕ್ರ 1500 ಸುತ್ತು, ಟರ್ಬೈನ್ 6000 ಸುತ್ತು. ಎಂಜಿನ್ನಿನ ಸುತ್ತು ಎಣಿಸುವ ಟ್ಯಾಕೋಮೀಟರ್ 6500 ತೋರಿಸುತ್ತಿದ್ದರೆ ಜಾರಿಕೆ ಶೇ 7.7. ಹೆಚ್ಚುಕಡಿಮೆ ಅಷ್ಟೇ ಪಾಲು ಶಕ್ತಿ ಎಣ್ಣೆ ಕಾಯಿಸಲು ಖರ್ಚಾಗುತ್ತಿದೆ. ರೇಸ್ ಟೈರುಗಳು ವೇಗದಲ್ಲಿ ಉಬ್ಬುವುದರಿಂದ, ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಸೆನ್ಸರ್ ಇಟ್ಟು ಅಳೆದರೆ ಲೆಕ್ಕ ಇನ್ನೂ ಖಚಿತ.

ಈಗ ಬಹಳ ಮಂದಿ ಎಡವುವ ಜಾಗ. ಲಾಕ್ ಆದ ಕ್ಷಣ ಎಂಜಿನ್ 6500ರಿಂದ 6000ಕ್ಕೆ ಇಳಿಯುತ್ತದೆ. ಅಂದರೆ ಲಾಕಪ್ ಇನ್ನೊಂದು ಗೇರ್ ಇದ್ದ ಹಾಗೆ. 6500ರಲ್ಲಿ ಎಂಜಿನ್ 400 ಅಶ್ವಶಕ್ತಿ ಕೊಡುತ್ತಿದ್ದರೆ, ಜಾರಿಕೆ ಕಳೆದು ಗೇರ್‌ಬಾಕ್ಸಿಗೆ ಸಿಗುವುದು ಸುಮಾರು 369. ಅದೇ ಎಂಜಿನ್ 6000ದಲ್ಲಿ 369ಕ್ಕಿಂತ ಹೆಚ್ಚು ಕೊಟ್ಟರೆ ಲಾಕ್ ಮಾಡಿ. 360 ಮಾತ್ರ ಎಂದಾದರೆ ಇನ್ನಷ್ಟು ವೇಗ ಏರುವವರೆಗೆ ಕಾಯಿರಿ. ಯಾವ ಸುತ್ತಿನಲ್ಲಿ ಎಂಜಿನ್ ಎಷ್ಟು ಶಕ್ತಿ ಕೊಡುತ್ತದೆಂದು ತೋರಿಸುವ ಡೈನೋ ನಕ್ಷೆಯನ್ನು ನೋಡದೆ ಇದನ್ನು ತೀರ್ಮಾನಿಸಬೇಡಿ. ಲಾಕ್ ಆದಾಗ ಬೆನ್ನಿಗೆ ಬೀಳುವ ನೂಕನ್ನೂ ನಂಬಬೇಡಿ. ಅದು ವೇಗ ಕಳೆದುಕೊಳ್ಳುವ ಎಂಜಿನ್ ಬಿಟ್ಟುಕೊಡುವ ಜಡತ್ವದ ಶಕ್ತಿ, ಕ್ಷಣಾರ್ಧದಲ್ಲಿ ಮುಗಿಯುತ್ತದೆ.

ಕಾರ್ಖಾನೆಯಿಂದ ಬರುವ ಸಾಮಾನ್ಯ ಲಾಕಪ್ ಕ್ಲಚ್ಚಿಗೆ ಒಂದೇ ತಟ್ಟೆ. ಹದವಾದ ಚಾಲನೆಯಲ್ಲಿ ಇಂಧನ ಉಳಿಸಲು ಮಾಡಿದ್ದನ್ನು ಪೂರ್ತಿ ಥ್ರಾಟಲ್‌ನಲ್ಲಿ, ಹೆಚ್ಚಿಸಿದ ಶಕ್ತಿಯೊಂದಿಗೆ ದುಡಿಸಿದರೆ ಸುಟ್ಟುಹೋಗುತ್ತದೆ. ಬಹುತಟ್ಟೆಯ ಕ್ಲಚ್ ಮತ್ತು ಒತ್ತಡಕ್ಕೆ ಬಾಗದ ಗಟ್ಟಿ ಕವಚ ಇರುವ ಕನ್ವರ್ಟರ್ ಹಾಕಿಸಿ. ಈ ವಿಷಯದಲ್ಲಿ ಜಿಪುಣತನ ಬೇಡ.

ಓಟದ ಕ್ರಮ ಸರಳ. ಹೊರಡುವ ಗೆರೆಯಲ್ಲಿ ಲಾಕಪ್ ಬಿಟ್ಟಿರಲಿ. ಟಾಪ್ ಗೇರ್ ಬಿದ್ದು, ಶಿಫ್ಟಿನಲ್ಲಿ ಇಳಿದ ಎಂಜಿನ್ ವೇಗ ಮತ್ತೆ ಮೇಲೇರಿದ ನಂತರವೇ ಲಾಕ್ ಮಾಡಿ. ಲಾಕ್ ಆಗಿರುವಾಗ ಗೇರ್ ಬದಲಿಸಿದರೆ ಏಟು ನೇರವಾಗಿ ಶಾಫ್ಟುಗಳಿಗೂ ಒಳಗಿನ ಕ್ಲಚ್‌ಗಳಿಗೂ ಬೀಳುತ್ತದೆ. ಅದನ್ನು ತಾಳುವಂತೆ ಕಾರ್ಖಾನೆಯಲ್ಲೇ ಹೊಂದಿಸಿದ ಈಚಿನ ಎಂಟು ಗೇರ್‌ಗಳ ಪೆಟ್ಟಿಗೆಗಳ ಮಾತು ಬೇರೆ. ಲಾಕಪ್ ಹಾಕುವ ವಿದ್ಯುತ್ ಕವಾಟವಾದ ಸೊಲೆನಾಯ್ಡಿಗೆ ಹೋಗುವ ವಿದ್ಯುತ್ ಬ್ರೇಕ್ ಸ್ವಿಚ್ಚಿನ ಮೂಲಕ ಹಾದುಹೋಗಲಿ. ಬ್ರೇಕ್ ತುಳಿದೊಡನೆ ಲಾಕಪ್ ಬಿಡದಿದ್ದರೆ ಕಾರು ನಿಲ್ಲುವಾಗ ಎಂಜಿನ್ ಉಸಿರು ಕಟ್ಟುತ್ತದೆ.

ಪ್ರತಿ ಓಟದ ದಾಖಲೆಯಲ್ಲಿ ಲಾಕ್ ಆದ ಜಾಗವನ್ನು ಹಿಗ್ಗಿಸಿ ನೋಡಿ. ಎಂಜಿನ್ ವೇಗದ ಗೆರೆ ಮೆಟ್ಟಿಲಿನಂತೆ ತಟಕ್ಕನೆ ಇಳಿದಿದ್ದರೆ ಕ್ಲಚ್ ಗಟ್ಟಿಯಾಗಿ ಹಿಡಿದಿದೆ. ಜಾರುಬಂಡೆಯಂತೆ ನಿಧಾನವಾಗಿ ಇಳಿದಿದ್ದರೆ, ಗೇರ್‌ಬಾಕ್ಸಿನ ಎಣ್ಣೆ ನೋಡುವ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕಪ್ಪು ಕಲೆ, ಸುಟ್ಟ ವಾಸನೆ ಕಂಡರೆ ಆ ದಿನ ಇನ್ನೊಂದು ಓಟಕ್ಕೆ ಇಳಿಯಬೇಡಿ.